ಗೇಟ್ ಒಂದು ಬಾಕಿ

"ಎಲೆ ಮ್ಯಾಲೆ ನೀರ್ ಚುಮುಕುಸ್ಬ್ಯಾಡ ಕಣವ್ವ, ಬೇರ್ಗಾಕು" ಎಂದು ಲಕ್ಕಮ್ಮ ಪ್ರೇಮಕುಮಾರಿಯ ಕೈಯಿಂದ ಕೊತ್ತಂಬರಿ ಕಟ್ಟನ್ನು ಕಿತ್ತುಕೊಂಡಳು. ಒದ್ದೆ ಗೋಣಿಯ ಮೇಲೆ ಬೇರು ಕೆಳಗಾಗಿ ಒಂದರ ಪಕ್ಕ ಒಂದು ನಿಲ್ಲಿಸಿ ತೆಳು ಬಟ್ಟೆ ಹೊದಿಸಿದಳು. "ಎಲೆ ನೆಂದ್ರೆ ಅನ್ನೊಂದು ಗಂಟೆಗೆಲ್ಲ ಕರ್ರಗಾಯ್ತದೆ. ಆಮ್ಯಾಕೆ ಯಾರೂ ಮುಟ್ಟಾಕಿಲ್ಲ."

ಬೆಳಿಗ್ಗೆ ಆರೂವರೆ. ಹಾಸನದ ಬಿ.ಎಂ. ರಸ್ತೆಯ ಹೊಂಬೆಳಕು ಬಜಾರಿನ ಮುಂದಿನ ಷಟರ್ ಇನ್ನೂ ಎತ್ತಿರಲಿಲ್ಲ. ಹಿಂಬಾಗಿಲಲ್ಲಿ ಇಳಿದ ತರಕಾರಿ ಕ್ರೇಟುಗಳ ನಡುವೆ ಇಬ್ಬರೇ ಕುಕ್ಕರುಗಾಲಲ್ಲಿ ಕೂತಿದ್ದರು. ಪ್ರೇಮಕುಮಾರಿಯ ಡ್ಯೂಟಿ ಇದ್ದದ್ದು ಹನ್ನೊಂದಕ್ಕೆ. ಆದರೂ ಕಟ್ಟಾಯದಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಕಲಿಯುವ ಹೊತ್ತಿಗೆ ಸಂಬಳ ಇಲ್ಲವೆಂದು ಮ್ಯಾನೇಜರ್ ಮೊದಲೇ ಹೇಳಿದ್ದ.

"ಬಿಲ್ಲಿಂಗಲ್ಲಿ ಫ್ಯಾನ್ ಕೆಳ್ಗೆ ಕುಂತಿದ್ದೋಳು ನೀನು" ಎಂದಳು ಲಕ್ಕಮ್ಮ, ಬೆರಳ ಸಂದಿಯ ಕೆಸರನ್ನು ಗೋಣಿಗೆ ಒರೆಸುತ್ತ. "ನಿಂಗ್ಯಾಕ್ ಬೇಕಿತ್ತು ಈ ಮಣ್ಣು?"

"ಗಂಟೆ ಬೇಕು ಕಣಕ್ಕ."

ಲಕ್ಕಮ್ಮ ತಲೆಯಾಡಿಸಿದಳು. ಸಂಬಳವೇ ಗಂಟೆ ಲೆಕ್ಕದ್ದು, ಗಂಟೆ ಯಾರಿಗೆ ಬೇಡ. ಆದರೆ ಗಂಟೆಗಿಂತ ಬೇರೆ ಏನೋ ಒಂದು ಬೇಕಾಗಿ ತಾನು ಇಲ್ಲಿ ಬಂದು ಕೂತಿದ್ದೇನೆ ಎಂಬುದನ್ನು ಪ್ರೇಮಕುಮಾರಿ ಯಾರ ಹತ್ತಿರವೂ ಆಡಿರಲಿಲ್ಲ.

ಅಂಗಡಿ ಪಂಚಾಕ್ಷರಯ್ಯನವರದು. ಹೊಳೆನರಸೀಪುರದಲ್ಲಿ ದಿನಸಿ ಸಗಟು ವ್ಯಾಪಾರ ಮಾಡಿಕೊಂಡಿದ್ದವರು, ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ಬಜಾರು ತೆರೆದು, ಅಕ್ಕನ ಮಗ ರಜನೀಶನನ್ನು ಮ್ಯಾನೇಜರ್ ಮಾಡಿ ಹಾಸನದ್ದನ್ನು ಅವನ ಕೈಗೆ ಕೊಟ್ಟಿದ್ದರು. ಇಪ್ಪತ್ತೊಂಬತ್ತರ ಹುಡುಗ, ಎಂಬಿಎ ಓದಿದವನು. ಬಂದ ಆರು ತಿಂಗಳಿಗೆ ತಿಂಗಳ ಸಂಬಳ ತೆಗೆದು ಗಂಟೆ ಸಂಬಳ ತಂದ. ಅಲ್ಲಿಂದಾಚೆ ಶನಿವಾರ ಸಂಜೆ ಹಾಜರಿ ಮಷೀನಿನ ಪಕ್ಕ ಡ್ಯೂಟಿ ಪಟ್ಟಿ ಅಂಟಿಸುತ್ತಿದ್ದರು. ಮುಂದಿನ ವಾರ ಯಾರಿಗೆ ಎಷ್ಟು ಗಂಟೆ ಕೆಲಸ ಎಂಬುದು ಆ ಹಾಳೆ ನೋಡಿದ ಮೇಲೆಯೇ ತಿಳಿಯಬೇಕು. ಪ್ರೇಮಕುಮಾರಿಗೆ ಆಗ ದಿನಕ್ಕೆ ಒಂಬತ್ತು ಗಂಟೆ. ಏಳು ವರ್ಷದಿಂದ ಒಂದನೇ ಕೌಂಟರ್ ಅವಳದೇ.

ಸಂಕ್ರಾಂತಿ ಕಳೆದ ಭಾನುವಾರ, ಸಂಜೆಯ ನೂಕುನುಗ್ಗಲಿನಲ್ಲಿ, ಅವಳ ಕೌಂಟರಿನ ಪಕ್ಕದ ಶೆಲ್ಫಿನಿಂದ ವಿದೇಶಿ ಚಾಕೊಲೇಟಿನ ಒಂದು ಡಬ್ಬ ಕಾಣೆಯಾಯಿತು. ರಜನೀಶ ನೇರ ಅವಳ ಹತ್ತಿರ ಬಂದು "ಬ್ಯಾಗ್ ತನ್ನಿ" ಎಂದ. ಸಾಲಿನಲ್ಲಿ ಹದಿನೈದಿಪ್ಪತ್ತು ಜನ ನಿಂತಿದ್ದರು. ಅವಳು ತಂದುಕೊಟ್ಟಳು. ಒಳಗೆ ಹೋಗಿ ನೋಡಬಹುದಿತ್ತು. ಅವನು ಕೌಂಟರಿನ ಮೇಲೇ ಇಟ್ಟು ಜಿಪ್ಪು ಎಳೆದ. ಊಟದ ಡಬ್ಬಿ ತೆಗೆದಿಟ್ಟ, ಮುಚ್ಚಳ ಬಿಚ್ಚಿ ನೋಡಿ ಮುಚ್ಚಿದ. ಬಾಚಣಿಗೆ. ಬಸ್ ಪಾಸು. ಮಗಳು ಮೇಘಶ್ರೀಯ ಹಾಲ್ ಟಿಕೆಟಿನ ಜೆರಾಕ್ಸು. ಮುಟ್ಟಿನ ಪ್ಯಾಡಿನ ಪೊಟ್ಟಣ. ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. ಸಾಲಿನಲ್ಲಿದ್ದ ಒಬ್ಬ ಗಂಡಸು ಮುಖ ತಿರುಗಿಸಿಕೊಂಡ. ಕಟ್ಟಾಯದ ಎರಡು ಹೆಂಗಸರು ಮುಖ ತಿರುಗಿಸಿಕೊಳ್ಳಲಿಲ್ಲ. ಡಬ್ಬ ಸಿಗಲಿಲ್ಲ. "ಹ್ಞೂಂ, ಎತ್ತಿಟ್ಕೊಳಿ" ಎಂದು ಹೇಳಿ ಅವನು ಹೊರಟುಹೋದ.

ಮಾರನೆಯ ಬೆಳಿಗ್ಗೆ ಗೋಡೌನಿನ ಚನ್ನಪ್ಪ ಶೆಲ್ಫು ಸರಿಸಿ ಕಸ ಗುಡಿಸುವಾಗ ಡಬ್ಬ ಹಿಂದೆ ಗೋಡೆ ಸಂದಿಯಲ್ಲಿ ಬಿದ್ದಿತ್ತು. ಚನ್ನಪ್ಪ ಅದನ್ನು ಎಲ್ಲರೂ ನೋಡುವ ಹಾಗೆ ಎತ್ತಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟ. ರಜನೀಶ ಅದರ ಧೂಳು ಒರೆಸಿ ಮತ್ತೆ ಶೆಲ್ಫಿಗೆ ಕಳಿಸಿದ. ಅಷ್ಟೇ.

ಬ್ಯಾಗು ತೆಗೆಸಿದ ಸುದ್ದಿ ಆ ಭಾನುವಾರ ರಾತ್ರಿಯೇ, ಅವಳಿಗಿಂತ ಮೊದಲೇ, ಊರು ಮುಟ್ಟಿತ್ತು. ಗಂಡ ಕುಮಾರ್, ಸಾಮಾನು ಸಾಗಿಸುವ ಟೆಂಪೋ ಓಡಿಸುವವನು, ಜಗಲಿಯ ಮೇಲೆ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದ. ತಲೆ ಎತ್ತದೆ ಕೇಳಿದ: "ಏನೂ ತಗಂಡಿರ್ನಿಲ್ಲ ತಾನೆ?"

"ಇಲ್ಲ."

"ಸರಿ ಬುಡು."

ಅವಳು ಒಳಗೆ ಹೋಗಿ ಒಲೆಯ ಮುಂದೆ ನಿಂತಳು. ಇಪ್ಪತ್ತೊಂದು ವರ್ಷ ಜೊತೆಗೆ ಬಾಳಿದ ಗಂಡಸು ಆ ಮಾತು ಕೇಳಿಬಿಟ್ಟಿದ್ದ. ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಮಾತನ್ನು ಅವನ ಬಾಯಿಗೆ ಇಟ್ಟುಕೊಟ್ಟವನ ಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಆ ವಾರದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಗಂಟೆ ಎಂದಿತ್ತು. ಬಿಲ್ಲಿಂಗ್ ತೆಗೆದು ಬೇಳೆ ಪ್ಯಾಕಿಂಗಿಗೆ ಹಾಕಿದ್ದರು. ಕ್ಯಾಬಿನ್ನಿಗೆ ಹೋಗಿ ಕೇಳಿದಳು. ರಜನೀಶ ಫೋನಿನಿಂದ ಕಣ್ಣೆತ್ತಲಿಲ್ಲ.

"ಒಂದೇ ಕೆಲಸ ಗೊತ್ತಿರೋರಿಗೆ ನಾಲ್ಕೇ ಗಂಟೆ. ಬೇರೆ ಸೆಕ್ಷನ್‌ಗಳನ್ನ ಕಲೀರಿ, ಗಂಟೆ ತಾನಾಗಿ ಬರುತ್ತೆ. ಯಾರು ರಜಾ ಹಾಕಿದ್ರೂ ಆ ಜಾಗಕ್ಕೆ ನಿಲ್ಲೋ ಹಾಗಿರಬೇಕು. ಈಗ ಎಲ್ಲಾ ಕಡೆ ಹಾಗೇ."

"ಎಲ್ಲಾ ಸೆಕ್ಷನ್ನೂ ಕಲ್ತ್ರೆ ಸಾ?"

ಆಗ ಅವನು ತಲೆ ಎತ್ತಿ ನಕ್ಕ. "ಕಲೀರಿ ನೋಡೋಣ."

ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಅಂಗಡಿಯಲ್ಲಿ ಕೆಲಸ ಖಾಲಿ ಇತ್ತು. ಜೊತೆಯವರು ಹೋಗು ಎಂದರು. ಅವಳು ಹೋಗಲಿಲ್ಲ. ಹೋದರೆ ಕಳ್ಳಿ ಅನ್ನುವುದನ್ನು ತಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಈ ಅಂಗಡಿಯ ಒಂದು ಮೂಲೆಯನ್ನೂ ಬಿಡದೆ ಕಲಿಯುತ್ತೇನೆ, ಎಲ್ಲಾದರೂ ಒಂದು ಕಡೆ ಇವನು ಕೈಗೆ ಸಿಗುತ್ತಾನೆ ಎಂದುಕೊಂಡಳು. ಎಲ್ಲಿ, ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅನುಮಾನವಿರಲಿಲ್ಲ.

ಲಕ್ಕಮ್ಮನ ಹತ್ತಿರ ತರಕಾರಿ ಕಲಿತಳು. ಬೂವನಹಳ್ಳಿಯ ಆ ಹೆಂಗಸು ಐವತ್ತೈದು ದಾಟಿದವಳು, ಬದನೆಕಾಯಿಯ ತೊಟ್ಟು ಮುಟ್ಟಿಯೇ ಒಳಗೆ ಹುಳ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟಳು. ಆಮೇಲೆ ಬಟ್ಟೆ ಸೆಕ್ಷನ್ನು. ಸೀರೆಯನ್ನು ಗಿರಾಕಿಯ ಮುಂದೆ ಒಂದೇ ಬೀಸಿಗೆ ಬಿಚ್ಚಿ, ಸೆರಗು ಅವರ ಮಂಡಿಯ ಮೇಲೆ ಬೀಳುವ ಹಾಗೆ ಹಾಸುವುದು. ಆಮೇಲೆ ಬೇಕರಿ. ಮುಂಗೈಯ ಮೇಲೆ ಒವೆನ್ನಿನ ತಟ್ಟೆ ತಾಗಿ ಎರಡು ಕಡೆ ಸುಟ್ಟ ಗೆರೆ ಬಿತ್ತು. ಏಪ್ರಿಲ್ಲಿನಲ್ಲಿ ಐದು ಗಂಟೆ ಆಯಿತು, ಮೇ ತಿಂಗಳಿಗೆ ಆರು. ಯಾರು ರಜಾ ಹಾಕಿದರೂ "ಪ್ರೇಮಕುಮಾರಿನ ಹಾಕಿ" ಎನ್ನುವುದು ರಜನೀಶನ ಬಾಯಲ್ಲಿ ಅಭ್ಯಾಸವಾಯಿತು.

ಹಾಗೆ ಅವಳಿಗೆ ಬಂದ ಗಂಟೆಗಳು ಎಲ್ಲಿಂದಲೋ ಬರಬೇಕಿತ್ತಲ್ಲ. ಜೂನಿನ ಮೊದಲ ಶನಿವಾರ ಪಟ್ಟಿಯ ಮುಂದೆ ಲಕ್ಕಮ್ಮ ನಿಂತಿದ್ದಳು. ಅವಳಿಗೆ ಓದು ಬರದು.

"ನನ್ನೆಸ್ರು ನೋಡವ್ವ ವಸಿ."

ಪ್ರೇಮಕುಮಾರಿ ನೋಡಿದಳು. ಎಂಟಿದ್ದದ್ದು ಮೂರಾಗಿತ್ತು. ಲಕ್ಕಮ್ಮನಿಗೆ ಬೆಳಗಿನ ವಿಂಗಡಣೆ ಮಾತ್ರ. ಮಧ್ಯಾಹ್ನದಿಂದ ತರಕಾರಿಗೆ ಬರೆದಿದ್ದ ಹೆಸರು ಪ್ರೇಮಕುಮಾರಿಯದು.

"ಮೂರು" ಎಂದಳು.

ಲಕ್ಕಮ್ಮ ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದಳು. "ನಿಂಗೆ ಯೋಳ್ಕೊಟ್ಟಿದ್ದು ನಂದೇ ತಪ್ಪಾಯ್ತು ಬುಡು" ಎಂದು, ಜಗಳದ ದನಿ ಏನೂ ಇಲ್ಲದೆ, ಹೊರಟಳು. ಎರಡು ವಾರ ಬಂದು ಆಮೇಲೆ ಬರುವುದನ್ನು ಬಿಟ್ಟಳು. ಬೆಳಗಿನ ಕಟ್ಟುಗಳನ್ನು ಪ್ರೇಮಕುಮಾರಿ ಒಬ್ಬಳೇ ಗೋಣಿಯ ಮೇಲೆ ನಿಲ್ಲಿಸಿದಳು. ಪಟ್ಟಿ ಬರೆದವನು ರಜನೀಶ ತಾನೆ, ಎಂದುಕೊಂಡಳು. ಅದನ್ನೂ ಅವನ ತಲೆಗೇ ಕಟ್ಟಿದಳು. ಕಟ್ಟಿದ ಮೇಲೆ ನುಂಗುವುದು ಸುಲಭವಾಯಿತು.

ಜುಲೈಯಲ್ಲಿ ಗೋಡೌನು ಕಲಿಯಲು ಹೋದಳು. ಹೆಂಗಸರು ಯಾರೂ ಹೋಗದ ಸೆಕ್ಷನ್ ಅದು. ಚನ್ನಪ್ಪ ಮೂಟೆಯ ಹೊಲಿಗೆ ನೋಡಿ ಅದು ಒಮ್ಮೆ ಬಿಚ್ಚಿ ಹೊಲಿದದ್ದೋ ಅಲ್ಲವೋ ಗುರುತಿಸುವುದನ್ನು ಹೇಳಿಕೊಟ್ಟ. ಒಂದು ಬೆಳಿಗ್ಗೆ, ಹೊರಗೆ ಜಿಟಿಜಿಟಿ ಮಳೆ, ಚನ್ನಪ್ಪ ಲಾರಿ ಹಿಂದಕ್ಕೆ ತೆಗೆಸಲು ರಸ್ತೆಗೆ ಹೋಗಿದ್ದ. ಎಣ್ಣೆ ಟಿನ್ನುಗಳ ಸಾಲಿನ ಆಚೆ ಏನೋ ದಪ್ಪೆಂದು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ರಜನೀಶ ಸಿಮೆಂಟು ನೆಲದ ಮೇಲೆ ಬಿದ್ದಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು, ಹಲ್ಲು ಕಚ್ಚಿಕೊಂಡಿತ್ತು, ಬಾಯಿಯ ಒಂದು ಬದಿಯಿಂದ ನೊರೆ.

ಅವಳಿಗೆ ಇದು ಗೊತ್ತಿತ್ತು. ಚಿಕ್ಕಪ್ಪನ ಮಗನೊಬ್ಬನಿಗೆ ಹೀಗೆ ಆಗುತ್ತಿತ್ತು. ಯೋಚಿಸದೆ ಮಂಡಿಯೂರಿದಳು. ಅವನನ್ನು ಪಕ್ಕಕ್ಕೆ ಮಗ್ಗುಲಾಗಿಸಿ, ತಲೆ ನೆಲಕ್ಕೆ ಬಡಿಯದ ಹಾಗೆ ತನ್ನ ತೊಡೆಯ ಮೇಲಿಟ್ಟುಕೊಂಡು, ಕುತ್ತಿಗೆಯ ಗುಂಡಿ ಬಿಚ್ಚಿದಳು. ಊರಿನಲ್ಲಿ ಮಾಡುವ ಹಾಗೆ ಗೋಡೌನಿನ ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ಒತ್ತಿ ಹಿಡಿದಳು. ಮೂರು ನಾಲ್ಕು ನಿಮಿಷ ಹಾಗೇ ಇದ್ದಳು. ಅದುರು ನಿಂತಿತು. ಅವನು ಕಣ್ಣು ಬಿಟ್ಟಾಗ ಅವಳು ಅಂಗಡಿಯ ಯೂನಿಫಾರಂ ಕೋಟಿನ ತೋಳಿನಿಂದ ಅವನ ಬಾಯಿ ಒರೆಸುತ್ತಿದ್ದಳು.

"ಯಾರಾದ್ರೂ ನೋಡಿದ್ರಾ?" ಅವನ ಮೊದಲ ಮಾತು ಅದು.

"ಇಲ್ಲ ಸಾ. ನಾನೊಬ್ಬಳೇಯ."

"ಯಾರಿಗೂ ಹೇಳ್ಬೇಡಿ. ಮಾವನಿಗೂ ಗೊತ್ತಿಲ್ಲ. ಮೂರು ವರ್ಷದಿಂದ ಬಂದಿರಲಿಲ್ಲ ಇದು. ಮಾತ್ರೆ ತಗೋತಾನೇ ಇದೀನಿ." ಅವನ ಕೈ ಅವಳ ಮುಂಗೈ ಹಿಡಿದುಕೊಂಡಿತ್ತು, ಸುಟ್ಟ ಗೆರೆಗಳ ಮೇಲೆ. "ಪ್ಲೀಸ್ ಪ್ರೇಮಕ್ಕ."

"ಯೋಳಾಕಿಲ್ಲ ಸಾ."

ಅವಳು ಕಾದಳು. ಈಗ ಹೇಳುತ್ತಾನೆ ಅನ್ನಿಸಿತು. ಒಬ್ಬರ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವವನಿಗೆ, ಆವತ್ತು ತಪ್ಪಾಯ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಅವನು ಎದ್ದು ಕೂತ, ಶರ್ಟು ಸರಿಮಾಡಿಕೊಂಡ, ಗೋಡೆ ಹಿಡಿದು ನಿಂತ, ಕ್ಯಾಬಿನ್ನಿನ ಕಡೆ ನಡೆದ.

ಶನಿವಾರದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ಗಂಟೆ ಇತ್ತು. ಕೇಳದೆ ಬಂದದ್ದು. ಕುಮಾರ್ ಖುಷಿಪಟ್ಟ. ಅವಳು ಆ ಗಂಟೆಗಳನ್ನು ಪೂರ್ತಿ ದುಡಿದಳು. ಬಾಯಿ ಮುಚ್ಚುವುದಕ್ಕೆ ಕೊಟ್ಟದ್ದು ಎಂದು ಗೊತ್ತಿದ್ದೇ ದುಡಿದಳು. ಆಮೇಲೆ ಮೂರು ತಿಂಗಳು ಅವನು ಎದುರಾದಾಗಲೆಲ್ಲ "ಪ್ರೇಮಕ್ಕ, ಊಟ ಆಯ್ತಾ?" ಎನ್ನುತ್ತಿದ್ದ. ಪ್ರತಿ ಸಲವೂ ಅವಳು ಅವನ ಮುಖ ನೋಡುತ್ತಿದ್ದಳು, ಆ ಮಾತಿನ ಹಿಂದೆ ಇನ್ನೊಂದು ಮಾತು ಬರುತ್ತದೋ ಎಂದು. ಬರುತ್ತಿರಲಿಲ್ಲ.

ದಸರೆ ಮುಗಿದ ಮೇಲೆ ಚನ್ನಪ್ಪ ಸುದ್ದಿ ತಂದ. ಮ್ಯಾನೇಜರಿಗೆ ಹೆಣ್ಣು ಗೊತ್ತಾಗಿದೆ, ಚನ್ನರಾಯಪಟ್ಟಣದ ಕಡೆಯವರು, ಕಾರ್ತಿಕದಲ್ಲಿ ನಿಶ್ಚಿತಾರ್ಥ. "ಉಡ್ಗಿ ಅದೇನೋ ಫಾರ್ಮಸಿ ಓದವ್ಳಂತೆ ಕಣಮ್ಮ. ಅಲ್ಲೇ ಮೆಡಿಕಲ್ ಸ್ಟೋರಲ್ಲವ್ಳೆ. ದಿವ್ಯಾ ಅಂತ ಎಸ್ರು."

ಪ್ರೇಮಕುಮಾರಿ ಸಕ್ಕರೆ ತುಂಬುತ್ತಿದ್ದ ಪ್ಯಾಕೆಟ್ಟನ್ನು ಕೆಳಗಿಟ್ಟಳು.

"ಅವರ್ಗೆ ಗೊತ್ತಾ?" ಎಂದು ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ಗೊತ್ತಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾತ್ರೆ ಎಲ್ಲಿರುತ್ತದೆ ಎಂಬುದೂ ಗೊತ್ತಿತ್ತು. ಕ್ಯಾಬಿನ್ನು ಗುಡಿಸುವ ಸರದಿ ಬಂದಾಗ ನೋಡಿದ್ದಳು: ಹೆಗಲಿಗೆ ಹಾಕುವ ಕಪ್ಪು ಬ್ಯಾಗು, ಅದರ ಪಕ್ಕದ ಸಣ್ಣ ಜಿಪ್ಪು, ಬೆಳಿಗ್ಗೆ ಒಂದು ಸಂಜೆ ಒಂದು.

ಮಾರನೆಯ ದಿನ ಕ್ಯಾಬಿನ್ನಿಗೆ ಹೋದಳು.

"ಸಾ, ಎಲ್ಲಾ ಸೆಕ್ಷನ್ನೂ ಆಯ್ತು. ಗೇಟ್ ಒಂದು ಬಾಕಿ ಐತೆ."

"ಗೇಟಾ? ಅಲ್ಲೇನು ಕಲಿಯೋದು, ಸುಮ್ನೆ ನಿಂತ್ಕೊಂಡು ಬ್ಯಾಗ್ ನೋಡೋದು."

"ಗೊತ್ತಿರ್ಲಿ ಅಂತ ಸಾ. ಗೇಟಲ್ಲಿ ನಿಲ್ಲೋ ಯಮ್ಮ ರಜಾ ಆಕುದ್ರೆ ನಿಲ್ಬೋದು."

ಅವನು ನಕ್ಕು ಬರೆದುಕೊಂಡ. ಸಂಜೆ ನಾಲ್ಕರಿಂದ ಎಂಟು. ಗೇಟಿನ ಪಕ್ಕದ ಗೋಡೆಯ ಮೇಲೆ ಅವನೇ ಬರೆಸಿ ಹಾಕಿದ ಬೋರ್ಡಿತ್ತು: 'ಹೊರ ಹೋಗುವಾಗ ಸಿಬ್ಬಂದಿ ಎಲ್ಲರ ಬ್ಯಾಗ್ ತಪಾಸಣೆ ಕಡ್ಡಾಯ.' ಬೋರ್ಡಿನಲ್ಲಿ ಎಲ್ಲರ ಎಂದಿದ್ದರೂ ಇದುವರೆಗೆ ಯಾರೂ ಮ್ಯಾನೇಜರ ಬ್ಯಾಗು ಕೇಳಿರಲಿಲ್ಲ. ಅವಳೂ ಹತ್ತು ದಿನ ಕೇಳಲಿಲ್ಲ. ಉಳಿದವರದನ್ನು ನೋಡಿದಳು, ಬೇಗ, ಮೇಲ್ಮೇಲಷ್ಟೇ, ಒಳಗೆ ಕೈ ಹಾಕದೆ.

ಹೆಣ್ಣಿನ ಕಡೆಯವರು ನಿಶ್ಚಿತಾರ್ಥದ ಬಟ್ಟೆ ನೋಡಲು ಬರುತ್ತಾರೆಂದು ಗೊತ್ತಾದದ್ದು ಒಂದು ಬುಧವಾರ. ಶುಕ್ರವಾರ ಬರುವವರಿದ್ದರು. ಗುರುವಾರ ಸಂಜೆ ರಜನೀಶ ಗೇಟಿನ ಹತ್ತಿರ ನಿಂತು ಮಳೆ ನಿಲ್ಲುವುದನ್ನು ಕಾಯುತ್ತಿದ್ದ. ಇಬ್ಬರೇ ಇದ್ದರು. ಹಿಂದಿನ ಇಡೀ ದಿನ ಅವಳು ಮನಸ್ಸಿನಲ್ಲೇ ತೂಗಿ ನೋಡಿದ್ದಳು. ಒಂದು ಅವಕಾಶ ಕೊಟ್ಟು ನೋಡುತ್ತೇನೆ ಎಂದುಕೊಂಡಿದ್ದಳು.

"ಸಾ" ಎಂದಳು. "ಸಂಕ್ರಾಂತಿ ಟೈಮಲ್ಲಿ ಆ ಚಾಕ್ಲೇಟ್ ಡಬ್ಬ ಕಾಣೆ ಆಗಿತ್ತಲ್ಲ. ಮಾರ್ನೆ ದಿನ ಸಿಕ್ತಲ್ಲ."

ರಜನೀಶ ಅವಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ. ನಿಜವಾಗಿಯೂ ನೆನಪಿಸಿಕೊಳ್ಳುತ್ತಿರುವವನ ಮುಖ ಅದು.

"ಯಾವ ಡಬ್ಬ?"

ಅವಳು ಅವನನ್ನು ನೋಡಿದಳು. ನಾಟಕವಿರಲಿಲ್ಲ. ಅವನಿಗೆ ನೆನಪೇ ಇರಲಿಲ್ಲ.

"ಏನಿಲ್ಲ ಬುಡಿ ಸಾ" ಎಂದಳು.

ಮಳೆ ನಿಂತಿತು. ಅವನು ಹೋದ. ಹತ್ತು ತಿಂಗಳು ಅವಳು ದಿನಾ ಎದ್ದು ಮುಖ ತೊಳೆಯುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಮುದ್ದೆ ಮುರಿಯುವಾಗ ಹೊತ್ತುಕೊಂಡು ತಿರುಗಿದ್ದು ಅವನ ಲೆಕ್ಕದಲ್ಲಿ ನಡೆದೇ ಇರಲಿಲ್ಲ. ಅಲ್ಲಿಯವರೆಗೆ ಒಳಗೆ ಎಲ್ಲೋ ಸ್ವಲ್ಪ ಹಿಂಜರಿಕೆ ಇತ್ತು, ಅವನ ತಲೆಯ ಭಾರ ತೊಡೆಯ ಮೇಲೆ ನೆನಪಿದ್ದದ್ದಕ್ಕೋ ಏನೋ. ಅದೂ ಹೋಯಿತು.

ಶುಕ್ರವಾರ ಸಂಜೆ ಐದಕ್ಕೆ ಅವರು ಬಂದರು. ದಿವ್ಯಾ, ಅವಳ ತಾಯಿ ನೀಲಗಂಗಮ್ಮ, ಜೊತೆಗೆ ಪಂಚಾಕ್ಷರಯ್ಯನವರು, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ದಿವ್ಯಾ ತೆಳ್ಳಗಿನ ಹುಡುಗಿ, ಕನ್ನಡಕ, ಕೈಯಲ್ಲಿ ಒಂದೇ ಬಳೆ. ಒಂದೂವರೆ ಗಂಟೆ ಬಟ್ಟೆ ನೋಡಿದರು. ಆರೂವರೆಗೆ ಎಲ್ಲರೂ ಗೇಟಿನ ಹತ್ತಿರ ಬಂದು ರಜನೀಶನಿಗಾಗಿ ನಿಂತರು. ಅವರನ್ನು ಊಟಕ್ಕೆ ಕರೆದುಕೊಂಡು ಹೋಗುವುದಿತ್ತು. ಅವನು ತಲೆ ಬಾಚಿಕೊಂಡು, ಬ್ಯಾಗು ಹೆಗಲಿಗೇರಿಸಿ ಬಂದ.

"ಸಾ, ಬ್ಯಾಗ್" ಎಂದಳು ಪ್ರೇಮಕುಮಾರಿ.

ಅವನು ಅರ್ಥವಾಗದೆ ನಿಂತ. "ಏನು?"

"ಬ್ಯಾಗ್ ತೋರುಸ್ಬೇಕು ಸಾ. ಬೋರ್ಡಲ್ಲಿ ಎಲ್ಲರ ಅಂತ ಐತೆ."

"ತಮಾಷೆ ಮಾಡ್ಬೇಡಿ ಪ್ರೇಮಕ್ಕ. ಲೇಟಾಗ್ತಿದೆ."

ಪಂಚಾಕ್ಷರಯ್ಯನವರು ಬೋರ್ಡು ಓದಿದರು, ಅವಳನ್ನು ನೋಡಿದರು. ಅವರಿಗೆ ಸಂತೋಷವಾಗಿತ್ತು. "ನೋಡಮ್ಮ ನೀಲಗಂಗಮ್ಮ, ನಮ್ಮ ಅಂಗಡೀಲಿ ಶಿಸ್ತು ಅಂದ್ರೆ ಹೀಗೆ. ತೋರ್ಸೋ ರಜನಿ, ರೂಲ್ಸು ಮಾಡಿದವನು ನೀನೇ ಅಲ್ವೇ." ಬೀಗರ ಮುಂದೆ ಅವರು ಗಟ್ಟಿಯಾಗಿ ನಕ್ಕರು. ನೀಲಗಂಗಮ್ಮನೂ ನಕ್ಕಳು.

ರಜನೀಶ ಬ್ಯಾಗನ್ನು ಮೇಜಿನ ಮೇಲಿಟ್ಟ, ದೊಡ್ಡ ಜಿಪ್ಪನ್ನು ತಾನೇ ಎಳೆದ. "ನೋಡ್ಕೊಳಿ."

ಅವಳು ಅವಸರ ಮಾಡಲಿಲ್ಲ. ಲ್ಯಾಪ್‌ಟಾಪಿನ ವೈರು ತೆಗೆದು ಮೇಜಿನ ಮೇಲಿಟ್ಟಳು. ನೀರಿನ ಬಾಟಲಿ. ಊಟದ ಡಬ್ಬಿ, ಮುಚ್ಚಳ ತೆರೆದು ನೋಡಿ ಮುಚ್ಚಿದಳು. ಸೆಂಟಿನ ಬಾಟಲಿ, ಒಂದು ಜೊತೆ ಕಾಲುಚೀಲ. ಬಿಲ್ಲಿಗೆ ನಿಂತಿದ್ದ ಗಿರಾಕಿಗಳು ಇತ್ತ ನೋಡತೊಡಗಿದರು. ಅವಳ ಕೈ ಪಕ್ಕದ ಸಣ್ಣ ಜಿಪ್ಪಿಗೆ ಹೋದಾಗ ಅವನಿಗೆ ಅರ್ಥವಾಯಿತು. ಮುಖದ ಬಣ್ಣ ಇಳಿಯಿತು.

"ಪ್ರೇಮಕ್ಕ" ಎಂದ, ಅವಳಿಗೆ ಮಾತ್ರ ಕೇಳುವ ಹಾಗೆ. ಗೋಡೌನಿನ ನೆಲದ ಮೇಲೆ ಕೇಳಿದ ಅದೇ ದನಿ.

ಅವಳು ಜಿಪ್ಪು ಎಳೆದಳು. ಮೂರು ಹಾಳೆ ಮಾತ್ರೆ, ನಾಲ್ಕು ಮಡಿಕೆಯ ಒಂದು ಡಾಕ್ಟರ ಚೀಟಿ. ಮಾತ್ರೆಯ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟಳು, ಹೆಸರಿನ ಬದಿ ಮೇಲಾಗಿ.

"ಇವು ನಮ್ಮಂಗ್ಡಿವಲ್ಲ" ಎಂದಳು. "ಏತಕ್ಕೆ ಸಾ ಇವು?"

"ತಲೆನೋವಿಗೆ" ಎಂದ ರಜನೀಶ.

ದಿವ್ಯಾ ಹತ್ತಿರ ಬಂದು ಒಂದು ಹಾಳೆ ಎತ್ತಿಕೊಂಡಳು. ಕನ್ನಡಕ ಸರಿಮಾಡಿ ಓದಿದಳು. ಇನ್ನೊಂದನ್ನು ಎತ್ತಿ ಓದಿದಳು. ದಿನಕ್ಕೆ ಹತ್ತು ಸಲ ಇಂಥದ್ದನ್ನು ಓದಿ ಕೊಡುವ ಕೈ ಅದು. ಎರಡನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟಳು.

"ಎಷ್ಟು ವರ್ಷದಿಂದ ತಗೋತಿದೀರಾ?"

ಅವನು ಮಡಿಸಿದ ಚೀಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಏನಮ್ಮ ಅದು?" ಎಂದಳು ನೀಲಗಂಗಮ್ಮ.

"ಫಿಟ್ಸಿಗೆ ಕೊಡೋದಮ್ಮ." ದಿವ್ಯಾ ಅವನ ಕಡೆಯೇ ನೋಡುತ್ತಿದ್ದಳು. ದನಿ ಏರಲಿಲ್ಲ. "ಕಾಯಿಲೆ ಇರೋದು ತಪ್ಪಲ್ಲ. ನಮ್ಮಂಗಡಿಗೆ ಇದನ್ನ ತಗೊಳೋಕೆ ಬರೋ ಇಬ್ಬರು ಟೀಚರ್ ಇದಾರೆ, ಸಂಸಾರ ಮಾಡ್ಕೊಂಡು ಚೆನ್ನಾಗಿದಾರೆ. ಮೂರು ಸಲ ಮನೆಗೆ ಬಂದು ಮಾತಾಡಿದ್ರಲ್ಲ ನೀವು, ಒಂದ್ಸಲ ಹೇಳ್ಬೋದಿತ್ತು. ಈಗಲೂ ತಲೆನೋವು ಅಂದ್ರಿ."

ಪಂಚಾಕ್ಷರಯ್ಯನವರ ನಗು ಮುಖದಲ್ಲೇ ಉಳಿದುಕೊಂಡಿತ್ತು, ತೆಗೆಯಲು ಮರೆತವರ ಹಾಗೆ. ರಜನೀಶ ಸಾಮಾನುಗಳನ್ನು ಬ್ಯಾಗಿಗೆ ತುಂಬತೊಡಗಿದ. ಡಬ್ಬಿ ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಇಟ್ಟ. ತಲೆ ಎತ್ತಿ ಪ್ರೇಮಕುಮಾರಿಯನ್ನು ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರುತ್ತದೆ ಎಂದು ಅವಳು ಸಿದ್ಧವಾಗಿದ್ದಳು. ಅವನು ನೋಡಿದ್ದು ಯಾಕೆ ಎಂದು ಕೇಳುವವನ ಹಾಗೆ.

"ಎತ್ತಿಟ್ಕಳಿ ಸಾ" ಎಂದಳು ಅವಳು.

ಸಂಬಂಧ ಮುರಿಯಿತು. ಹುಡುಗಿಯೇ ಬೇಡ ಅಂದಳೆಂದು ಚನ್ನಪ್ಪ ಹೇಳಿದ. ರಜನೀಶ ಒಂದು ವಾರ ಅಂಗಡಿಗೆ ಬರಲಿಲ್ಲ. ಆಮೇಲೆ ಹೊಳೆನರಸೀಪುರದ ಹಳೆಯ ಅಂಗಡಿಗೆ ಹೋದನೆಂದು ತಿಳಿಯಿತು. ಪಂಚಾಕ್ಷರಯ್ಯನವರು ಒಂದು ಮಧ್ಯಾಹ್ನ ಅವಳನ್ನು ಕ್ಯಾಬಿನ್ನಿಗೆ ಕರೆಸಿದರು. ಎದುರಿಗೆ ಕೂರಿಸಿ ಕೇಳಿದರು.

"ನಿಂಗೆ ಮೊದಲೇ ಗೊತ್ತಿತ್ತೇನಮ್ಮ?"

"ಇಲ್ಲ ಯಜಮಾನ್ರೆ."

ಅವರು ನಂಬಿದರೋ ಇಲ್ಲವೋ. "ಹೋಗ್ಲಿ" ಎಂದರು. "ಎಲ್ಲಾ ಸೆಕ್ಷನ್ನೂ ಗೊತ್ತಿರೋಳು ನೀನೊಬ್ಬಳೇ ಅಂತಾರೆ. ಹೊಸಬರು ಬರೋ ತನಕ ಡ್ಯೂಟಿ ಪಟ್ಟಿ ನೀನೇ ಬರಿ."

ಹಾಗೆ ಮೊದಲ ಪಟ್ಟಿ ಬರೆಯುವಾಗ ತರಕಾರಿಯ ಸಾಲಿನಲ್ಲಿ ಲಕ್ಕಮ್ಮನಿಗೆ ಎಂಟು ಗಂಟೆ ಎಂದು ಬರೆದು, ಫೋನು ಮಾಡಿದಳು. ಲಕ್ಕಮ್ಮ ಬೂವನಹಳ್ಳಿ ಹತ್ತಿರದ ಕಲ್ಯಾಣ ಮಂಟಪವೊಂದರಲ್ಲಿ ಅಡುಗೆಯವರ ಜೊತೆ ಸೇರಿಕೊಂಡಿದ್ದಳು. ಹಿಂದೆ ಪಾತ್ರೆಗಳ ಸದ್ದು.

"ಬಾ ಅಕ್ಕ. ಈಗ ಬರಿಯೋಳು ನಾನೇಯ."

"ಬ್ಯಾಡ ಕಣವ್ವ. ನಾಳೆ ಇನ್ಯಾರೋ ಕಲ್ತ್ಕಂಡ್ ಬತ್ತಾರೆ" ಎಂದಳು ಲಕ್ಕಮ್ಮ. "ಇಲ್ಲಿ ಎಚ್ಚೋದು ತೊಳ್ಯೋದು ಅಷ್ಟೇಯ. ಸುಮ್ಕಿದೀನಿ." ಹಿಂದೆ ಯಾರಿಗೋ ಬಂದೆ ಎಂದು ಕೂಗಿ, "ಊಟಕ್ಕೆ ಕೂರುಸ್ತಾವ್ರೆ, ಮಡುಗ್ತೀನಿ" ಎಂದು ಇಟ್ಟಳು. ಪ್ರೇಮಕುಮಾರಿ ಆ ಹೆಸರಿನ ಮೇಲೆ ಗೆರೆ ಎಳೆದು ಬೇರೆಯವಳದನ್ನು ಬರೆದಳು.

ಆವತ್ತು ಆರು ಗಂಟೆಯ ಬಸ್ಸಿಗೇ ಊರಿಗೆ ಬಂದಳು. ಕುಮಾರ್ ಟೆಂಪೋ ನಿಲ್ಲಿಸಿ, ಕೈಕಾಲು ತೊಳೆದುಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ.

"ಅದೇನೋ ಮ್ಯಾನೇಜರ್ ಬ್ಯಾಗ್ ತಗ್ಸುದ್ಯಂತೆ? ಎಲ್ಲಾರ್ ಮುಂದ್ಲೂ? ಸಂತೇಲಿ ಯೋಳ್ತಿದ್ರು. ನಂ ತಾವ ಒಂದ್ ಮಾತೂ ಆಡ್ನಿಲ್ಲ ನೀನು."

"ಹ್ಞೂಂ."

"ಸಿಕ್ತಾ ಏನಾದ್ರೂವೆ?"

ಕುದಿಯುವ ಎಸರಿಗೆ ಅವಳು ರಾಗಿಹಿಟ್ಟು ಹಾಕಿದಳು.

"ಸಿಕ್ತು" ಎಂದಳು.

"ನಂಗೊತ್ತಿತ್ತು ಕಣೆ." ಕುಮಾರ್ ಬಾಗಿಲ ಚೌಕಟ್ಟಿಗೆ ಕೈ ಬಡಿದ. "ಅವ್ನೇ ಕಳ್ಳ ಅಂತ ನಂಗೆ ಆವತ್ತೇ ಗೊತ್ತಿತ್ತು. ಅದ್ಕೇ ಎತ್ತಂಗಡಿ ಮಾಡವ್ರೆ. ತಾನ್ ಕದ್ದು ನಿನ್ ಮ್ಯಾಲಾಕ್ದ ಬೋಳಿಮಗ."

ಅವಳು ಬಾಯಿ ತೆರೆದಳು. ಒಲೆಯ ಉರಿ ಸಣ್ಣ ಮಾಡುವುದಿತ್ತು, ಮಾಡಿದಳು. ಅಷ್ಟರಲ್ಲಿ ಕುಮಾರ್ ಜಗಲಿಗೆ ಹೋಗಿ ಆಗಿತ್ತು. ಎದುರುಮನೆಯ ಪುಟ್ಟರಾಜುವನ್ನು ಕೂಗಿ ಕರೆದು ಹೇಳುತ್ತಿದ್ದ, ಬೀದಿಗೆಲ್ಲ ಕೇಳುವ ಹಾಗೆ. ಅವನ ದನಿಯಲ್ಲಿ ಅಷ್ಟು ಹೆಮ್ಮೆಯನ್ನು ಅವಳು ಮೇಘಶ್ರೀ ಹುಟ್ಟಿದ ದಿನದ ಮೇಲೆ ಕೇಳಿರಲಿಲ್ಲ. "ನಮ್ ಪ್ರೇಮಾನೇ ಇಡ್ದಾಕಿದ್ದು ಕಣ್ಲಾ. ಮಾಲೀಕ್ರ ಮುಂದೇನೆ. ಮಾಲು ಸಮೇತ."

ಇನ್ನೊಂದೆರಡು ಮನೆಯವರು ಹೊರಗೆ ಬಂದ ಸದ್ದಾಯಿತು. ಯಾರೋ ಹೆಂಗಸು "ಎಷ್ಟು ವರ್ಷದಿಂದ ಕದೀತಿದ್ನಂತೆ?" ಎಂದು ಕೇಳಿದಳು. ಕುಮಾರ್ ಅದಕ್ಕೂ ಒಂದು ಉತ್ತರ ಕೊಟ್ಟ.

ಪ್ರೇಮಕುಮಾರಿ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ ಎರಡೂ ಪಾದದ ನಡುವೆ ಒತ್ತಿ ಹಿಡಿದಳು. ಹಿಟ್ಟು ಗಂಟುಗಟ್ಟಿತ್ತು. ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವತೊಡಗಿದಳು. ಹಬೆ ಮುಖಕ್ಕೆ ಬಡಿಯುತ್ತಿತ್ತು. ಹೊರಗೆ ಅವಳ ಹೆಸರು ಮತ್ತೊಮ್ಮೆ ಕೇಳಿಸಿತು. ಅವಳು ಕೋಲಿನ ಮೇಲೆ ಇನ್ನಷ್ಟು ಭಾರ ಬಿಟ್ಟು, ಗಂಟು ಒಡೆಯುವ ತನಕ ತಿರುವುತ್ತಲೇ ಇದ್ದಳು.